ಹಬಲ್, ಜೇಮ್ಸ್ ವೆಬ್ ಬಾಹ್ಯಾಕಾಶ ಟೆಲಿಸ್ಕೋಪುಗಳ ಚಿತ್ರಗಳ ಬಣ್ಣ ನಿಜವೇ? ಟೆಲಿಸ್ಕೋಪ್ ಕೊಂಡರೆ ನನಗೂ ಹಾಗೇ ಕಾಣುತ್ತದೆಯೇ?

ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಕಾಣುವುದಿಲ್ಲ ಮಾರಾಯ್ರೆ. ಟೆಲಿಸ್ಕೋಪಿಗೆ ಕಣ್ಣಿಟ್ಟರೆ ನೀಹಾರಿಕೆ (ನಕ್ಷತ್ರಗಳ ನಡುವಿನ ಅನಿಲ, ಧೂಳಿನ ಮೋಡ) ಬೂದು ಬಣ್ಣದ ಒಂದು ಮಸುಕು, ಹೆಚ್ಚೆಂದರೆ ಚೂರು ಹಸಿರು ಛಾಯೆ. ಅದು ಟೆಲಿಸ್ಕೋಪಿನ ದೋಷವಲ್ಲ. ಬೆಳಕು ತೀರಾ ಕಡಿಮೆಯಾದಾಗ ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಸುಮ್ಮನಾಗುತ್ತವೆ, ಕಪ್ಪು-ಬಿಳುಪು ಮಾತ್ರ ತಿಳಿಯುವ ಕೋಶಗಳು ಉಳಿಯುತ್ತವೆ. ಕ್ಯಾಮೆರಾಕ್ಕೆ ಆ ತೊಂದರೆಯಿಲ್ಲ, ಗಂಟೆಗಟ್ಟಲೆ ಬೆಳಕು ಕೂಡಿಸಿಕೊಳ್ಳುತ್ತಾ ಕೂರಬಲ್ಲದು.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವನು. ಮದುವೆ, ಗೃಹಪ್ರವೇಶ, ಯಕ್ಷಗಾನ ಆಟದ ಫೋಟೋ ತೆಗೆಯುವುದು ಕಸುಬು, ಆಕಾಶದ ಫೋಟೋ ಹುಚ್ಚು. ಹಾಗಾಗಿ "ಬಣ್ಣ ನಿಜವಾ?" ಎಂಬ ಪ್ರಶ್ನೆ ನನಗೆ ಎರಡೂ ಕಡೆಯಿಂದ ಬರುತ್ತಿರುತ್ತದೆ.

ನೀವು ಕೈಯಲ್ಲಿ ಹಿಡಿದ ಮೊಬೈಲಿನದ್ದೂ ಸೇರಿ ಯಾವ ಕ್ಯಾಮೆರಾದ ಸೆನ್ಸರಿಗೂ ಬಣ್ಣ ಗೊತ್ತಿಲ್ಲ. ಎಷ್ಟು ಬೆಳಕು ಬಿತ್ತು ಎಂದಷ್ಟೇ ಅದು ಎಣಿಸುತ್ತದೆ. ಮೇಲೆ ಕೆಂಪು, ಹಸಿರು, ನೀಲಿ ಫಿಲ್ಟರುಗಳ ಸಣ್ಣ ಸಣ್ಣ ಚೌಕಗಳಿರುತ್ತವೆ, ಆಮೇಲೆ ಲೆಕ್ಕ ಹಾಕಿ ಬಣ್ಣ ಕೂಡಿಸುತ್ತಾರೆ. ಹಬಲ್ ಮಾಡುವುದೂ ಇದನ್ನೇ, ಆದರೆ ಬೇರೆ ಬೇರೆ ಫಿಲ್ಟರು ಹಾಕಿ ಒಂದರ ಹಿಂದೆ ಒಂದು ಕಪ್ಪು-ಬಿಳುಪು ಚಿತ್ರ ತೆಗೆಯುತ್ತದೆ. ಯಾವ ಫಿಲ್ಟರಿನ ಚಿತ್ರಕ್ಕೆ ಯಾವ ಬಣ್ಣ ಎಂಬುದನ್ನು ಕೆಳಗೆ ಕೂತವರು ನಿರ್ಧರಿಸುತ್ತಾರೆ.

1995ರಲ್ಲಿ ಹಬಲ್ ತೆಗೆದ 'ಸೃಷ್ಟಿಯ ಸ್ತಂಭಗಳು' ಚಿತ್ರವನ್ನು ನೀವು ಖಂಡಿತ ನೋಡಿರುತ್ತೀರಿ. ಈಗಲ್ ನೀಹಾರಿಕೆಯೊಳಗೆ ಎದ್ದು ನಿಂತ ಧೂಳು, ಅನಿಲಗಳ ಮೂರು ಕಂಬಗಳು, ಸುಮಾರು 6,500 ಜ್ಯೋತಿರ್ವರ್ಷ ದೂರ. ಅದರಲ್ಲಿ ಗಂಧಕದ ಬೆಳಕಿಗೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಟ್ಟಿದ್ದಾರೆ. ಜಲಜನಕ ಅಲ್ಲಿ ನಿಜವಾಗಿ ಹೊಮ್ಮಿಸುವುದು ಕೆಂಪು ಬೆಳಕು, ಅಲೆಯ ಉದ್ದ 656 ನ್ಯಾನೊಮೀಟರ್. ಹಾಗಾದರೆ ಹಸಿರು ಯಾಕೆ? ಗಂಧಕದ್ದೂ ಕೆಂಪೇ, 672ರ ಆಸುಪಾಸು. ಇದ್ದದ್ದನ್ನು ಇದ್ದ ಹಾಗೆ ತೋರಿಸಿದರೆ ಎರಡೂ ಬೆರೆತು ಇಡೀ ಚಿತ್ರ ಕೆಂಪಾಗುತ್ತದೆ, ಎಲ್ಲಿ ಯಾವ ಅನಿಲವಿದೆ ಎಂದು ಯಾರಿಗೂ ತಿಳಿಯುವುದಿಲ್ಲ. ಕಣ್ಣಿಗೆ ಹಬ್ಬವಾಗಲಿ ಎಂದಷ್ಟೇ ಹಾಕಿದ ಬಣ್ಣವಲ್ಲ ಅದು. (ಹಬ್ಬವೂ ಆಯಿತು, ಅದು ಬೇರೆ ಮಾತು.) ಆ ಚಿತ್ರದ ಮೇಲಿನ ಒಂದು ಮೂಲೆ ಮೆಟ್ಟಿಲಿನಂತೆ ಕತ್ತರಿಸಿಕೊಂಡಿರುವುದಕ್ಕೂ ಕಾರಣವಿದೆ. ಒಟ್ಟಿಗೆ ಜೋಡಿಸಿದ್ದ ನಾಲ್ಕು ಕ್ಯಾಮೆರಾಗಳಲ್ಲಿ ಒಂದು ಹೆಚ್ಚು ಹತ್ತಿರದಿಂದ ನೋಡುವಂಥದ್ದು. ಅದರ ತುಂಡನ್ನು ಉಳಿದವುಗಳ ಅಳತೆಗೆ ಕುಗ್ಗಿಸಿದಾಗ ಮೂಲೆ ಖಾಲಿ ಉಳಿಯಿತು.

ಜೇಮ್ಸ್ ವೆಬ್ ಸಂಗತಿ ಇನ್ನೂ ಒಂದು ಹೆಜ್ಜೆ ಮುಂದೆ. ಅದು ಮುಖ್ಯವಾಗಿ ನೋಡುವುದು ಇನ್‌ಫ್ರಾರೆಡ್, ಅಂದರೆ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಕಾಣದ್ದಕ್ಕೆ 'ನಿಜವಾದ ಬಣ್ಣ' ಎಲ್ಲಿಂದ ಬರಬೇಕು? ಅದರಲ್ಲೇ ಉದ್ದದ ಅಲೆಗೆ ಕೆಂಪು, ಗಿಡ್ಡ ಅಲೆಗೆ ನೀಲಿ, ನಡುವಿನದ್ದಕ್ಕೆ ನಡುವಿನ ಬಣ್ಣ ಎಂದು ಕ್ರಮವಾಗಿ ಹಂಚುತ್ತಾರೆ. ಕ್ರಮ ತಪ್ಪುವುದಿಲ್ಲವಾದ್ದರಿಂದ ನನಗೆ ಇದರ ಮೇಲೆ ಆಕ್ಷೇಪವಿಲ್ಲ. 2022ರಲ್ಲಿ ಅದೇ ಸ್ತಂಭಗಳನ್ನು ವೆಬ್ ತೆಗೆದಾಗ ಧೂಳು ಅರೆಪಾರದರ್ಶಕವಾಗಿ, ಹಬಲ್‌ಗೆ ಕಾಣದಿದ್ದ ನಕ್ಷತ್ರಗಳೆಲ್ಲ ಹೊರಬಿದ್ದವು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ.

ನನಗೆ ಸಿಟ್ಟು ಬರುವುದು ಬಣ್ಣದ ಮೇಲಲ್ಲ, ಚಿತ್ರದ ಕೆಳಗಿನ ವಿವರಣೆ ಕಿತ್ತು ಹಾಕಿ ಫಾರ್ವರ್ಡ್ ಮಾಡುವವರ ಮೇಲೆ. ದೀಪಾವಳಿ ಬಂತೆಂದರೆ ಊರಿನ ಎಲ್ಲ ಗ್ರೂಪಿನಲ್ಲೂ 'ದೀಪಾವಳಿ ರಾತ್ರಿ ಆಕಾಶದಿಂದ ಕಂಡ ಭಾರತ' ಬರುತ್ತದೆ. ಅದು ಹಬ್ಬದ ರಾತ್ರಿಯದ್ದಲ್ಲ. ಹಲವು ವರ್ಷಗಳ ಉಪಗ್ರಹ ಚಿತ್ರ ಕೂಡಿಸಿ, 1992ರಲ್ಲಿ ಕಂಡ ದೀಪಗಳಿಗೆ ನೀಲಿ, 1998ರದ್ದಕ್ಕೆ ಹಸಿರು, 2003ರದ್ದಕ್ಕೆ ಕೆಂಪು ಎಂದು ಬಣ್ಣ ಕೊಟ್ಟ ನಕ್ಷೆ. ಮಾಹಿತಿ ಅಪ್ಪಟ, ತಲೆಬರಹ ಸುಳ್ಳು. ನೆಪ್ಚೂನಿಗೂ ಇದೇ ಗತಿಯಾಯಿತು. 1989ರಲ್ಲಿ ವಾಯೇಜರ್ 2 ನೌಕೆ ಕಳಿಸಿದ ಚಿತ್ರದಲ್ಲಿ ಮೋಡಗಳು ಎದ್ದು ಕಾಣಲೆಂದು ನೀಲಿಯನ್ನು ಗಾಢ ಮಾಡಿದ್ದರು, ಹಾಗೆಂದು ಆಗಲೇ ಬರೆದೂ ಇದ್ದರು. ಕಾಲ ಕಳೆದಂತೆ ಆ ಸಾಲು ಕಳಚಿಹೋಗಿ ಕಡುನೀಲಿ ಮಾತ್ರ ಶಾಲೆಯ ಪುಸ್ತಕಗಳಲ್ಲಿ ಉಳಿಯಿತು. ಆಕ್ಸ್‌ಫರ್ಡಿನ ಸಂಶೋಧಕರು 2024ರಲ್ಲಿ ಲೆಕ್ಕ ಹಾಕಿ ತೋರಿಸಿದ ಪ್ರಕಾರ ನೆಪ್ಚೂನೂ ಹೆಚ್ಚುಕಡಿಮೆ ಯುರೇನಸ್‌ನ ಹಾಗೆಯೇ ತಿಳಿ ಹಸಿರುನೀಲಿ.

ನಮ್ಮ ಜಿಲ್ಲೆಯವರಿಗೆ ಇದು ಅರ್ಥವಾಗದ ವಿಷಯವೇ ಅಲ್ಲ. 2019ರ ಡಿಸೆಂಬರ್ 26ರಂದು ಕಂಕಣ ಗ್ರಹಣ ಕಾಸರಗೋಡಿನ ಮೇಲೆಯೇ ಹಾದುಹೋಯಿತಲ್ಲ, ಚೆರುವತ್ತೂರಿಗೆ ಎಲ್ಲೆಲ್ಲಿಂದಲೋ ಜನ ಬಂದಿದ್ದರು. ಅವತ್ತು ಮೊಬೈಲಿಗೆ ಬಂದ ಬಳೆಗಳಲ್ಲಿ ಒಂದು ಕಿತ್ತಳೆ, ಒಂದು ಹಸಿರು, ಒಂದು ಬಿಳಿ. ಸೋಲಾರ್ ಫಿಲ್ಟರು ಹಾಕಿದವರದ್ದು ಕಿತ್ತಳೆ, ವೆಲ್ಡಿಂಗ್ ಗಾಜು ಹಿಡಿದವರದ್ದು ಹಸಿರು. ಬಳೆ ಎಲ್ಲದರಲ್ಲೂ ಒಂದೇ.

ಇನ್ನು ನೀವು ಏನು ಮಾಡಬಹುದು ಎಂಬ ಮಾತು. ಜನವರಿಯ ರಾತ್ರಿ ಅಡಿಕೆ ಒಣಹಾಕಿದ ಅಂಗಳದಲ್ಲಿ ಟ್ರೈಪಾಡ್ ನಿಲ್ಲಿಸಿ, ಸಾಮಾನ್ಯ ಡಿಎಸ್‌ಎಲ್‌ಆರ್‌ಗೆ 50 ಎಂಎಂ ಲೆನ್ಸ್ ಹಾಕಿ, ಮಹಾವ್ಯಾಧನ ಸೊಂಟದ ಮೂರು ನಕ್ಷತ್ರಗಳ ದಕ್ಷಿಣಕ್ಕೆ ಗುರಿಯಿಡಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600, ಶಟರು ತೆರೆದಿಡುವುದು ಐದಾರು ಸೆಕೆಂಡು. ಅದಕ್ಕಿಂತ ಹೆಚ್ಚು ಬಿಟ್ಟರೆ ಭೂಮಿ ತಿರುಗುವುದರಿಂದ ನಕ್ಷತ್ರಗಳು ಗೆರೆಯಾಗುತ್ತವೆ. ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡಿದರೆ ಆ ಸೊಂಟದಿಂದ ಇಳಿಬಿದ್ದ ಕತ್ತಿಯಂಥ ನಕ್ಷತ್ರಗಳ ಸಾಲಿನ ನಡುವೆ ನಸುಗುಲಾಬಿಯ ಒಂದು ಮಸುಕು. ಅದು ಸುಮಾರು 1,350 ಜ್ಯೋತಿರ್ವರ್ಷ ದೂರದ ಓರಾಯನ್ ನೀಹಾರಿಕೆ. ಅಚ್ಚ ಕೆಂಪು ಬರಲಿಲ್ಲವೆಂದು ಬೇಸರ ಬೇಡ, ಕ್ಯಾಮೆರಾ ಕಂಪನಿಯವರು ಸೆನ್ಸರಿನ ಮುಂದೆ ಹಾಕುವ ಫಿಲ್ಟರು ಜಲಜನಕದ ಆ 656ರ ಕೆಂಪನ್ನೇ ಬಹುಪಾಲು ತಡೆಯುತ್ತದೆ. ಮದುಮಗಳ ಮುಖ ಸರಿಯಾದ ಬಣ್ಣದಲ್ಲಿ ಬರಬೇಕಲ್ಲ! ಲೆನ್ಸಿಗೆ ಇಬ್ಬನಿ ಕೂರುತ್ತದೆ, ಆಗಾಗ ಟಾರ್ಚು ಬಿಟ್ಟು ನೋಡಿಕೊಳ್ಳಿ.

ಗ್ರಹಗಳ ವಿಷಯದಲ್ಲಿ ನಿರಾಸೆಯಿಲ್ಲ. ಅವು ಸಾಕಷ್ಟು ಪ್ರಕಾಶವಾಗಿರುವುದರಿಂದ ಗುರುವಿನ ಪಟ್ಟೆ, ಮಂಗಳನ ಕಿತ್ತಳೆ, ಶನಿಯ ಉಂಗುರ ಎಲ್ಲ ಸಣ್ಣ ಟೆಲಿಸ್ಕೋಪಿನಲ್ಲೂ ಕಣ್ಣಿಗೇ ಕಾಣುತ್ತವೆ. ಆದರೆ ಮೊದಲು 10x50 (ಹತ್ತು ಪಟ್ಟು ಹಿಗ್ಗಿಸುವ, 50 ಎಂಎಂ ಅಗಲದ ಮುಂದಿನ ಲೆನ್ಸಿನ) ಬೈನಾಕ್ಯುಲರ್ ಕೊಳ್ಳಿ ಎಂಬುದು ನನ್ನ ಸಲಹೆ. ಗುರುವಿನ ನಾಲ್ಕು ಚಂದ್ರರು ಅದರಲ್ಲೇ ಸಿಗುತ್ತವೆ. ಪೊಸಡಿಗುಂಪೆಯಂಥ ಎತ್ತರದ ಜಾಗಕ್ಕೆ ಹೋದರೆ ಡಿಸೆಂಬರಿನಲ್ಲಿ ಸಂಜೆ ಕತ್ತಲಾದ ಮೇಲೆ ನೆತ್ತಿಯಿಂದ ಚೂರು ಉತ್ತರಕ್ಕೆ ಆಂಡ್ರೊಮಿಡಾ ಗ್ಯಾಲಕ್ಸಿಯೂ ಸಿಕ್ಕೀತು, 25 ಲಕ್ಷ ಜ್ಯೋತಿರ್ವರ್ಷ ದೂರದ್ದು. ಮಂಗಳೂರಿನ ಬೆಳಕು ವಾಯವ್ಯದಲ್ಲಿ ಕಾಟ ಕೊಡುತ್ತದೆ, ಆ ಕಡೆಗೆ ಬೆನ್ನು ಹಾಕಿ ನಿಲ್ಲಿ.

ಕೊಳ್ಳುವುದಾದರೆ ನವೆಂಬರಿನಲ್ಲಿ ಕೊಳ್ಳಿ. ಜೂನಿನಲ್ಲಿ ಕೊಂಡರೆ ನಮ್ಮೂರಿನ ಮಳೆಗೆ ಆಕಾಶವಂತೂ ಸಿಗುವುದಿಲ್ಲ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡದಿದ್ದರೆ ಲೆನ್ಸಿಗೆ ಬೂಷ್ಟು ಹಿಡಿದು ಇದ್ದದ್ದೂ ಕಾಣದ ಹಾಗಾಗುತ್ತದೆ.