ಆಯಿಯ ಬಿಪಿ ಗುಳಿಗೆ: ಅಂಕೋಲೆಯ ಓದುಗರಿಗೆ ಉತ್ತರ

ಅಂಕೋಲಾ ತಾಲೂಕಿನ ಓದುಗರೊಬ್ಬರ ಪತ್ರ ಹೀಗಿದೆ: "ನನ್ನ ಆಯಿಗೆ 58 ವರ್ಷ. ಎರಡು ವರ್ಷದಿಂದ ಬಿಪಿ ಗುಳಿಗೆ ತಗೊಳ್ತಿದ್ದಳು. ಮೊನ್ನೆ ಊರಿನ ಶಿಬಿರದಲ್ಲಿ ನೋಡಿಸಿದಾಗ 126/80 ಬಂತು. ‘ಬಿಪಿ ಹೋಯ್ತು, ಇನ್ನು ತಿಂದರೆ ಕಿಡ್ನಿ ಹಾಳಾಗ್ತದೆ’ ಅಂತ ಗುಳಿಗೆ ಬಿಟ್ಟುಬಿಟ್ಟಿದ್ದಾಳೆ. ತಲೆನೋವಿಲ್ಲ, ತಲೆ ತಿರುಗುವುದಿಲ್ಲ. ನಾನು ಹೇಳಿದರೆ ಜಗಳ. ನೀವು ಬರೆಯಿರಿ, ಅವಳಿಗೆ ಓದಿ ಹೇಳ್ತೇನೆ."

ಓದಿ ಹೇಳಲು ಆಗುವಂತೆಯೇ ಬರೆಯುತ್ತೇನೆ. ಯಾವ ಗುಳಿಗೆ, ಎಷ್ಟು ಎನ್ನುವುದು ಡಾಕ್ಟರ ಮಾತು. ಅದಕ್ಕೆ ನಾನು ಕೈ ಹಾಕುವುದಿಲ್ಲ. ಆದರೆ ಅವರನ್ನು ಕೇಳದೆ ಬಿಟ್ಟದ್ದು ಸರಿಯಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ.

ಆಯೀ, ಶಿಬಿರದಲ್ಲಿ ಬಂದ 126/80 ನೀವು ದಿನಾ ತಪ್ಪದೆ ಗುಳಿಗೆ ತಗೊಂಡಿದ್ದರ ಫಲ. ವಯಸ್ಸಾದಂತೆ ರಕ್ತನಾಳ ಬಿರುಸಾಗುತ್ತದೆ, ಮೈಯಲ್ಲಿ ಉಪ್ಪು, ನೀರು ನಿಲ್ಲುವುದೂ ಹೆಚ್ಚುತ್ತದೆ. ಗುಳಿಗೆ ಇವನ್ನು ಬೇರುಸಹಿತ ಕೀಳುವುದಿಲ್ಲ. ರಕ್ತದಲ್ಲಿ ಇರುವಷ್ಟು ಹೊತ್ತು ನಾಳವನ್ನು ಸಡಿಲವಾಗಿಡುತ್ತದೆ, ಇಲ್ಲವೇ ಹೆಚ್ಚಿನ ಉಪ್ಪನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಬಿಟ್ಟರೆ ಕೆಲವು ದಿನಗಳಲ್ಲೋ ವಾರಗಳಲ್ಲೋ ಒತ್ತಡ ಮತ್ತೆ ಏರುತ್ತದೆ, ಬಹುತೇಕರಿಗೆ ಏರಿದ್ದು ಗೊತ್ತೂ ಆಗುವುದಿಲ್ಲ. ತಲೆನೋವು ಬಂದ ಮೇಲೆ ನೋಡೋಣ ಎಂದು ಕೂತವರಲ್ಲಿ ಎಷ್ಟೋ ಜನರಿಗೆ ಮೊದಲು ಬರುವುದು ಲಕ್ವವೋ ಹೃದಯಾಘಾತವೋ ಆಗಿರುತ್ತದೆ.

ಕಿಡ್ನಿಯ ಭಯ ನಮ್ಮ ಕಡೆ ಮನೆಮನೆಯಲ್ಲೂ ಇದೆ. ನಿಜಕ್ಕೂ ಕಿಡ್ನಿಯನ್ನು ಹಾಳುಮಾಡುವುದು ಹತೋಟಿ ತಪ್ಪಿದ ಬಿಪಿ. ಇನ್ನೊಂದು, ಯಾರೂ ಅನುಮಾನಿಸದ್ದು: ಮಂಡಿನೋವಿಗೆಂದು ಚೀಟಿಯಿಲ್ಲದೆ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಗುಳಿಗೆಗಳು. ಅವು ಬಿಪಿಯನ್ನೂ ಏರಿಸುತ್ತವೆ, ಕಿಡ್ನಿಗೂ ಪೆಟ್ಟು ಕೊಡುತ್ತವೆ. ಆಯಿಯ ಡಬ್ಬಿಯಲ್ಲಿ ಅಂಥದ್ದಿದ್ದರೆ ಡಾಕ್ಟರಿಗೆ ತೋರಿಸಿ. ಬಿಪಿ ಗುಳಿಗೆಯಿಂದಲೂ ತೊಂದರೆ ಆಗುವುದುಂಟು: ಆಮ್ಲೋಡಿಪಿನ್‌ನಿಂದ ಕೆಲವರ ಪಾದ ಬಾಯುತ್ತದೆ, ಎನಾಲಪ್ರಿಲ್ ಗುಂಪಿನ ಗುಳಿಗೆಯಿಂದ ಒಣಕೆಮ್ಮು ಬರುತ್ತದೆ. ಹಾಗಾದರೆ ಹೇಳಿ, ಬೇರೆ ಗುಳಿಗೆಗಳಿವೆ.

ಈಗ ಉಪ್ಪು. ನಮ್ಮ ಕರಾವಳಿಯಲ್ಲಿ ಈ ಮಾತು ಎತ್ತುವುದೇ ಕಷ್ಟ. ಜೂನ್, ಜುಲೈನಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ. ಆಗ ಗಂಜಿಗೆ ಒಣಮೀನೇ ಗತಿ. ಶಿರಸಿ, ಸಿದ್ದಾಪುರದ ಕಡೆ ಅಪ್ಪೆಮಿಡಿ ಉಪ್ಪಿನಕಾಯಿಯಿಲ್ಲದೆ ಊಟ ಮುಗಿಯುವುದಿಲ್ಲ. ಹಪ್ಪಳ, ಸಂಡಿಗೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಎಲ್ಲ ಸೇರಿ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತಲೂ ಕಡಿಮೆ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪು ಕಡಲ ನೀರಿನದು, ಅದರಿಂದ ಬಿಪಿ ಬರುವುದಿಲ್ಲ ಎಂದು ಹೇಳುವವರಿದ್ದಾರೆ. ಆ ಆಗರಗಳ ಬಗ್ಗೆ ನನಗೂ ಅಭಿಮಾನವಿದೆ, ಆದರೆ ಅದರಲ್ಲಿರುವುದೂ ಹೆಚ್ಚಾಗಿ ಸೋಡಿಯಂ ಕ್ಲೋರೈಡೇ. ಒಣಮೀನನ್ನು ಪೂರ್ತಿ ಬಿಡಿ ಎಂದರೆ ಆಯಿ ಕೇಳಲಿಕ್ಕಿಲ್ಲ. ನೆನೆಸಿ ಆ ನೀರು ಚೆಲ್ಲಿ ಬೇಯಿಸಲಿ, ಸಾರಿಗೆ ಮತ್ತೆ ಉಪ್ಪು ಹಾಕದಿರಲಿ, ವಾರದಲ್ಲಿ ದಿನ ಕಡಿಮೆ ಮಾಡಲಿ. ಉಪ್ಪಿನಕಾಯಿ ಒಂದು ಹೊತ್ತಿಗೆ ಸಾಕು. ನಾಲಿಗೆ ಕೆಲವು ವಾರಗಳಲ್ಲಿ ಒಗ್ಗಿಕೊಳ್ಳುತ್ತದೆ. ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆಯಿದ್ದವರು, ಕೆಲವು ಬಿಪಿ ಗುಳಿಗೆ ತಗೊಳ್ಳುವವರು ಕೇಳದೆ ಬಳಸಬಾರದು. ಕವಳಕ್ಕೆ, ಅಂದರೆ ಎಲೆಯಡಿಕೆಗೆ, ತಂಬಾಕು ಹಾಕುವ ಅಭ್ಯಾಸವಿದ್ದರೆ ಅದನ್ನು ಮಾತ್ರ ಬಿಡಲೇಬೇಕು.

ಒಂದು ಸಲ ನೋಡಿಸಿದ ಬಿಪಿಯನ್ನು ನೆಚ್ಚಿಕೊಳ್ಳಬೇಡಿ. ಸಾಧ್ಯವಾದರೆ ತೋಳಿಗೆ ಕಟ್ಟುವ ಮಶೀನು ತನ್ನಿ. ಚಾ ಕುಡಿದು, ಕವಳ ಹಾಕಿ ಅರ್ಧ ತಾಸಾದರೂ ಆಗಿರಬೇಕು, ಮೂತ್ರ ಕಟ್ಟಿರಬಾರದು. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಐದು ನಿಮಿಷ ಸುಮ್ಮನೆ ಕೂತ ಮೇಲೆ, ಬರಿ ತೋಳಿಗೆ ಪಟ್ಟಿ ಕಟ್ಟಿ, ಕೈಯನ್ನು ಎದೆಯ ಮಟ್ಟಕ್ಕಿಟ್ಟು, ಮಾತಾಡದೆ ನೋಡಬೇಕು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ. ಬೆಳಿಗ್ಗೆ ಸಂಜೆ ಒಂದು ವಾರ ಬರೆದಿಟ್ಟ ಪುಸ್ತಕ ಡಾಕ್ಟರಿಗೆ ದೊಡ್ಡ ಸಹಾಯ. ಮನೆಯಲ್ಲಿ ಸರಾಸರಿ 135/85 ದಾಟಿದರೆ ಹೆಚ್ಚೆಂದೇ ಲೆಕ್ಕ. ಚೆನ್ನಾಗಿ ಇಳಿದಿದ್ದರೆ ಗುಳಿಗೆ ಕಡಿಮೆ ಮಾಡುವುದೋ ಹೇಗೆ ಎಂದು ಅವರೇ ನೋಡುತ್ತಾರೆ. ಗುಳಿಗೆ ಬಿಟ್ಟದ್ದನ್ನು ಮುಚ್ಚಿಡಬೇಡಿ. ತಪ್ಪಿದ ದಿನದ ಲೆಕ್ಕಕ್ಕೆ ಎರಡು ಒಟ್ಟಿಗೆ ನುಂಗುವುದೂ ಬೇಡ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ನೋಡಿ ಗುಳಿಗೆ ಕೊಡುತ್ತಾರೆ. ಖರ್ಚಿನ ಚಿಂತೆಯಿದ್ದರೆ ಜನೌಷಧಿ ಅಂಗಡಿಯೂ ಉಂಟು.

ಮಳೆಗಾಲಕ್ಕೆ ಮೊದಲೇ ಒಂದು ತಿಂಗಳ ಗುಳಿಗೆ ಹೆಚ್ಚಿಗೆ ತಂದಿಡಿ. 2024ರ ಜುಲೈನಲ್ಲಿ ನಿಮ್ಮದೇ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾದದ್ದನ್ನು ನೀವೇ ಕಂಡಿದ್ದೀರಿ.

ನಮ್ಮ ಜಿಲ್ಲೆಯವರು ದೊಡ್ಡ ಕಾಯಿಲೆಗೆ ಮಣಿಪಾಲಕ್ಕೋ, ಹುಬ್ಬಳ್ಳಿಗೋ, ಗೋವಾಕ್ಕೋ ಓಡಬೇಕು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ಕೂಗಿದ್ದು ನ್ಯಾಯವೇ, ಈ ಪತ್ರಿಕೆಯೂ ಅದನ್ನು ಕೇಳುತ್ತಲೇ ಇರುತ್ತದೆ. ಅಲ್ಲಿಯವರೆಗೆ ಇಷ್ಟು ದೂರದಲ್ಲಿರುವ ನಾವು ಬಿಪಿಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಬಾಯಿ ಒಂದು ಕಡೆ ವಾಲಿದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಫೋನ್ ಮಾಡಿ. ರಕ್ತ ಹೆಪ್ಪುಗಟ್ಟಿ ಆದ ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನ ಒಳಗೆ ಕೊಡಬೇಕು, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಬಿಪಿ ಇಳಿಯಲೆಂದು ಮನೆಯಲ್ಲಿ ಯಾವ ಗುಳಿಗೆಯನ್ನೂ ಬಾಯಿಗೆ ಹಾಕಬೇಡಿ. ಆಯಿ ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂಬುದನ್ನು ಮಾತ್ರ ಬರೆದುಕೊಳ್ಳಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.

– ಸಂಪಾದಕ