ಯಾದಗಿರಿಯಿಂದ ಶ್ರೀಶೈಲಕ್ಕೆ ಪರಿಸರ ಹಾಳು ಮಾಡದೆ ಪಾದಯಾತ್ರೆ ಹೋಗೋದು ಹೇಗೆ? ಏನೇನು ಕೊಳ್ಳಬೇಕು?

ಬಿದಿರಿನ ಬ್ರಷ್, ತಾನಾಗಿ ಕೊಳೆಯುವ ಚೀಲ, ಮಡಚುವ ಟೆಂಟ್ ಅಂತ ಪಟ್ಟಿ ಕೊಟ್ಟಿದ್ದೀರಿ. ಯುಗಾದಿಯ ಗದ್ದಲ ಬಿಟ್ಟು ಕಾರ್ತಿಕದಲ್ಲಿ ಒಬ್ಬರೇ ನಡೆದರೆ ಹೇಗೆ ಅಂತಲೂ ಕೇಳಿದ್ದೀರಿ. ನಿಮ್ಮ ಪಟ್ಟಿಯ ಎರಡನೇ ಸಾಮಾನು ಊರೊಳಗೆ ನನ್ನ ಮಾನ ಕಳೆದದ್ದು. ಅದಕ್ಕೇ ಉತ್ತರ ಬರೆಯಲು ಕೂತೆ.

ನಮ್ಮದು ಯಾದಗಿರಿ ಜಿಲ್ಲೆಯ ಸೈದಾಪುರದ ಕಡೆ. ಪ್ರತಿ ವರ್ಷ ಯುಗಾದಿಗೆ ಮುಂಚೆ ಊರಿನ ತಂಡ ಶ್ರೀಶೈಲದ ಮಲ್ಲಯ್ಯನ ಹತ್ತಿರ ನಡೆದು ಹೋಗುತ್ತದೆ. ಕೃಷ್ಣಾ ನದಿ ದಾಟಿ ರಾಯಚೂರು, ಮುಂದೆ ಕರ್ನೂಲು, ಆತ್ಮಕೂರು, ವೆಂಕಟಾಪುರ. ಅಲ್ಲಿಯವರೆಗೆ ಡಾಂಬರು ರಸ್ತೆ, ಹಿಂದಿನಿಂದ ಸಾಮಾನಿನ ಟ್ರ್ಯಾಕ್ಟರ್. ಆಮೇಲೆ ನಲ್ಲಮಲ ಕಾಡು. ಟ್ರ್ಯಾಕ್ಟರ್ ದೋರ್ನಾಲ ಸುತ್ತಿಕೊಂಡು ಶ್ರೀಶೈಲ ಸೇರುತ್ತದೆ. ನಾವು ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಲನು, ಕೈಲಾಸದ್ವಾರ ಅಂತ ಕಾಡೊಳಗಿನಿಂದ ಹತ್ತಿ ಇಳಿಯುತ್ತೇವೆ.

ಆ ಕಾಡಿನ ದಾರಿಗೆ ನಮ್ಮ ಜನ ಮೊದಲಿನಿಂದ ಒಂದೇ ಥರ ತಯಾರಾಗುತ್ತಿದ್ದರು. ಹಳೇ ಧೋತರದ ತುಂಡಿನಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಕೈಯಲ್ಲಿ ತಂಬಿಗೆ. ಉಂಡ ಮೇಲೆ ಬಟ್ಟೆ ಝಾಡಿಸಿ ತಲೆಗೆ ಸುತ್ತಿಕೊಂಡರೆ ಮುಗಿಯಿತು. ನಾನು ಆಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದೆ, ರಜೆ ಹಾಕಿ ಬಂದಿದ್ದೆ, ನಾಲ್ಕು ಅಕ್ಷರ ಕಲಿತವನು ಅಂತ ಊಟದ ವ್ಯವಸ್ಥೆ ನನ್ನ ಕೈಗೆ ಕೊಟ್ಟರು. ನಾನು ಮಾಡಿದ್ದೇನು? ಎಲ್ಲರಿಗೂ ಒಂದೇ ಅಳತೆಯ ಪೊಟ್ಟಣ. ಚಪಾತಿ, ಚುರುಮುರಿ, ಬಾಳೆಹಣ್ಣು, ಒಂದು ನೀರಿನ ಪಾಕೆಟ್. ಎಲ್ಲ ತುಂಬಲು ತಿಳಿಹಸಿರು ಬಣ್ಣದ ಕೊಳೆಯುವ ಚೀಲ. ಅದರ ಮೇಲೆ ಎಲೆಯ ಚಿತ್ರ, ಕೆಳಗೆ 'ಐ ಯಾಮ್ ನಾಟ್ ಪ್ಲಾಸ್ಟಿಕ್'. ಹಿಂಬದಿಯಲ್ಲಿ ನಮ್ಮ ಮಂಡಳಿಯ ಹೆಸರು, ತಂಡದ ಹಿರಿಯ ಮುತ್ಯಾನ ಫೋನ್ ನಂಬರು. ಅದನ್ನೂ ನಾನೇ ಅಚ್ಚು ಹಾಕಿಸಿದ್ದು.

ಇಲ್ಲಿ ಸ್ವಲ್ಪ ಉದ್ದ ಹೇಳುತ್ತೇನೆ, ಯಾಕಂದರೆ ನೀವೂ ಇದೇ ಚೀಲ ಕೊಳ್ಳಲು ಹೊರಟಿದ್ದೀರಿ.

ಚೀಲ ಖೊಟ್ಟಿ ಅಲ್ಲ. ಇಂಥ ಕೊಳೆಯುವ ಚೀಲಗಳಿಗೆ ಐಎಸ್ 17088 ಅಂತ ಒಂದು ಸರ್ಕಾರಿ ಮಾನದಂಡ ಇದೆ, ಅದರ ಗುರುತು ಅಚ್ಚಾಗಿತ್ತು. 120 ಮೈಕ್ರಾನಿಗಿಂತ ತೆಳುವಾದ ಪ್ಲಾಸ್ಟಿಕ್ ಕೈಚೀಲ 2022ರ ಡಿಸೆಂಬರ್ 31ರಿಂದ ದೇಶದಲ್ಲೇ ನಿಷೇಧ, ಆದರೆ ಈ ಜಾತಿಯ ಚೀಲಕ್ಕೆ ಆ ದಪ್ಪದ ಲೆಕ್ಕ ಇಲ್ಲ. ಹಾಗಾಗಿ ಅಂಗಡಿಯವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ಕೇಳದೆ ಬಿಟ್ಟದ್ದು, ಎಲ್ಲಿ ಕೊಳೆಯುತ್ತದೆ ಅಂತ. ಆ ಮಾನದಂಡದ ಪರೀಕ್ಷೆ ನಡೆಯುವುದು ದೊಡ್ಡ ಗೊಬ್ಬರದ ಘಟಕದಂಥ ವಾತಾವರಣದಲ್ಲಿ. ಸುಮಾರು 58 ಡಿಗ್ರಿ ಕಾವು, ಒಂದೇ ಸಮ ತೇವ, ಗಾಳಿ ಆಡಬೇಕು, ಸೂಕ್ಷ್ಮಜೀವಿಗಳು ತುಂಬಿರಬೇಕು. ಫಾಲ್ಗುಣದ ನಲ್ಲಮಲ ಹೇಗಿರುತ್ತದೆ ಗೊತ್ತಾ? ಕಾಲಿಟ್ಟರೆ ತರಗೆಲೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಬರೀ ಕಲ್ಲು. ನೆಲದಲ್ಲಿ ಹನಿ ತೇವ ಇಲ್ಲ. ಅಲ್ಲಿ ಬಿದ್ದ ಚೀಲ ಒಣಗುತ್ತದೆ, ಬಿಳಿಚಿಕೊಳ್ಳುತ್ತದೆ, ಅಷ್ಟೇ.

ಅದಕ್ಕಿಂತ ಕೆಟ್ಟದ್ದು ಮನುಷ್ಯರ ಲೆಕ್ಕ. ಹಿಂದೆ ಯಾರಾದರೂ ಪಾಲಿಥೀನ್ ಚೀಲ ತಂದಿದ್ದರೆ ಉಂಡ ಮೇಲೆ ಅತ್ತಿತ್ತ ನೋಡಿ, ನಾಚಿಕೊಂಡು, ಮಡಚಿ ಕಿಸೆಯೊಳಗೆ ಇಟ್ಟುಕೊಳ್ಳುತ್ತಿದ್ದರು. ನಾನು ವೆಂಕಟಾಪುರದಲ್ಲಿ ಎಲ್ಲರನ್ನೂ ಕೂರಿಸಿ, 'ಇದು ಮಣ್ಣಾಗ್ತದ, ಚಿಂತಿ ಮಾಡಬ್ಯಾಡ್ರಿ' ಅಂತ ಭಾಷಣ ಬೇರೆ ಮಾಡಿದ್ದೆ. ನಾಗಲೂಟಿಯಿಂದ ಮೇಲೆ ಹತ್ತುವ ಕಲ್ಲಿನ ಮೆಟ್ಟಿಲುಗಳು 14ನೇ ಶತಮಾನದ ರೆಡ್ಡಿ ಅರಸರ ಕಾಲದವು. ಅದರ ಮೇಲೆ ಕೂತು ಉಂಡು, ಯಾವ ಅಳುಕೂ ಇಲ್ಲದೆ ಅಲ್ಲೇ ಬಿಟ್ಟು ಎದ್ದರು. ನಾನೂ ಬಿಟ್ಟೆ. ಅರ್ಧ ಚಪಾತಿ ಒಳಗಿದ್ದ ಚೀಲವನ್ನು ಮಂಗ ಎಳೆದುಕೊಂಡು ಹೋಗುವುದನ್ನು ನೋಡಿ ನಕ್ಕಿದ್ದೆವು ಕೂಡ.

ಶ್ರಾವಣದಲ್ಲಿ ಮುತ್ಯಾನಿಗೆ ಫೋನ್ ಬಂತು. ಕಾಡು ಕಾಯುವವನು ಒಬ್ಬ, ತೆಲುಗಿನಲ್ಲಿ. ನಮ್ಮ ಕಡೆ ಗಡಿ ಹತ್ತಿರ, ಮುತ್ಯಾನಿಗೆ ತೆಲುಗು ಚೆನ್ನಾಗಿ ಬರುತ್ತದೆ. ಅವನು ಬೈಯಲಿಲ್ಲವಂತೆ. ನಿಮ್ಮ ಚೀಲಗಳನ್ನು ಒಂದು ಕಟ್ಟು ಮಾಡಿ ಇಟ್ಟಿದ್ದೇನೆ, ಮುಂದಿನ ಸಲ ಬಂದಾಗ ಒಯ್ಯಿರಿ ಅಂದನಂತೆ. ನಾನು ಹಬ್ಬಕ್ಕೆ ಊರಿಗೆ ಹೋದಾಗ ಮುತ್ಯಾ ಮನೆಗೆ ಬಂದು, ಚಹಾ ಕುಡಿದು, ಮಳೆ ಬೆಳೆ ಎಲ್ಲ ಮಾತಾಡಿ, ಏಳುವಾಗ ಹೇಳಿದ: 'ತಮ್ಮಾ, ನಿನ್ನ ಚೀಲ ಇನ್ನಾ ಮಣ್ಣಾಗಿಲ್ಲಂತ ನೋಡಪಾ.'

ದುಡ್ಡಿನ ಮಾತು ಬೇರೆ ಇತ್ತು. ಭ್ರಮರಾಂಬೆ ನಮ್ಮ ಕಡೆಯವರಿಗೆ ಮನೆಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕೆ ಮಗಳ ಮನೆಗೆ ಬರಿಗೈಲಿ ಹೋಗುತ್ತಾರಾ? ಸೀರೆ, ಕುಪ್ಪಸಕ್ಕೆ ಅಂತ ಊರ ಮನೆಮನೆಯಿಂದ ಕೂಡಿಸಿದ ದುಡ್ಡಿನಲ್ಲಿ ನಾನು ಚೀಲಕ್ಕೂ ಅಚ್ಚಿಗೂ ತೆಗೆದಿದ್ದೆ. ಆ ವರ್ಷ ಸೀರೆ ಸಾದಾ ಆಯಿತು. ಹೆಂಗಸರು ಇದನ್ನು ಇವತ್ತಿಗೂ ಮರೆತಿಲ್ಲ. ದುಡ್ಡು ತುಂಬಿಕೊಟ್ಟೆ, ಆದರೆ ವ್ಯವಸ್ಥೆಯ ಕೆಲಸ ಮತ್ತೆ ನನ್ನ ಕೈಗೆ ಬರಲಿಲ್ಲ. ಮುಂದಿನ ಯುಗಾದಿಗೆ ನನಗೆ ಕೊಟ್ಟದ್ದು ಒಂದು ಗೋಣಿಚೀಲ, ತಂಡದ ಕೊನೆಯಲ್ಲಿ ನಡೆಯುವ ಕೆಲಸ. ಮೆಟ್ಟಿಲ ಸಂದಿಯಿಂದ ಒಂದು ಚೀಲ ಎಳೆದು ತೆಗೆದೆ. ಹಸಿರು ಹೋಗಿತ್ತು, ಎಲೆಯ ಚಿತ್ರ ಹೋಗಿತ್ತು. 'ನಾಟ್ ಪ್ಲಾಸ್ಟಿಕ್' ಅನ್ನುವುದು ಮಾತ್ರ ನಿಚ್ಚಳವಾಗಿ ಓದಲು ಬರುತ್ತಿತ್ತು. ಉಳಿದವು ಮಳೆಗೆ ಕೊಚ್ಚಿಕೊಂಡು ಹಳ್ಳ ಸೇರಿದ್ದವು, ಅಲ್ಲಿಗೆ ಇಳಿಯಲು ಆಗಲಿಲ್ಲ.

ಈಗ ನಿಮ್ಮ ಪ್ರಶ್ನೆ. ಏನು ಕೊಳ್ಳಬೇಕು? ಏನೂ ಬೇಡ. ನಿಜ ಹೇಳುತ್ತಿದ್ದೇನೆ. ಮನೆಯಲ್ಲಿರುವ ತಂಬಿಗೆ, ಒಂದು ತಾಟು, ಒಂದು ಕಂಬಳಿ, ಎರಡು ಜೊತೆ ಬಟ್ಟೆ, ಕಾಲಿಗೆ ಪಳಗಿದ ಹಳೇ ಚಪ್ಪಲಿ. ಹೊಸ ಬೂಟು ಹಾಕಿಕೊಂಡು ಹೊರಟವರು ರಾಯಚೂರು ಮುಟ್ಟುವಷ್ಟರಲ್ಲಿ ಹಿಮ್ಮಡಿಗೆ ಪಟ್ಟಿ ಕಟ್ಟಿಕೊಂಡು ಕೂತಿರುತ್ತಾರೆ. ಟೆಂಟ್ ಯಾಕೆ? ದಾರಿಯುದ್ದಕ್ಕೂ ಗುಡಿ, ಶಾಲೆ, ದಾಸೋಹದ ಪೆಂಡಾಲು ಇರುತ್ತವೆ. ನಮ್ಮ ಕಡೆ ಪಾದಯಾತ್ರಿಗಳಿಗೆ ಪಡಸಾಲೆ ಬಿಟ್ಟುಕೊಡುವ ಮನೆಗಳು ಇನ್ನೂ ಇವೆ.

ಒಬ್ಬರೇ ಕಾರ್ತಿಕದಲ್ಲಿ ಹೋಗುವ ಯೋಚನೆ ಬಿಡಿ. ದೇಶದ ಅತಿ ದೊಡ್ಡ ಹುಲಿ ಸಂರಕ್ಷಿತ ಪ್ರದೇಶ ಇರುವುದು ಈ ನಲ್ಲಮಲದಲ್ಲೇ. ನಾಗಲೂಟಿಯ ಕಾಡುದಾರಿ ಬಿಡುವುದು ಶಿವರಾತ್ರಿ, ಯುಗಾದಿಯ ಹೊತ್ತಿಗೆ. ಉಳಿದ ದಿನ ಮನಸ್ಸಿಗೆ ಬಂದ ಹಾಗೆ ನುಗ್ಗುವ ಜಾಗ ಅಲ್ಲ. ಅನುಮತಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಪ್ರಾಣಿಗಳಿಗೆ ಸಿಗುವ ನಾಲ್ಕು ನೆಮ್ಮದಿಯ ತಿಂಗಳಿಗೆ ನೀವು ಯಾಕೆ ಅಡ್ಡ ಹೋಗಬೇಕು? ಗದ್ದಲ ನಿಮಗೆ ಕಿರಿಕಿರಿ ಇರಬಹುದು, ಕಾಡಿಗೆ ವಾಸಿ: ಬಂದು ಹೋಗುವುದೆಲ್ಲ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಇನ್ನು ಒಬ್ಬರೇ ಹೋದರೆ ಒಲೆ ನಿಮ್ಮದೇ, ನೀರು ನಿಮ್ಮದೇ, ಬಾಟಲಿ ಕೊಳ್ಳದೆ ದಾರಿ ಸಾಗದು. ಅಕ್ಕಮಹಾದೇವಿ 12ನೇ ಶತಮಾನದಲ್ಲಿ ಕಲ್ಯಾಣದಿಂದ ಒಬ್ಬಳೇ ಹೋದಳಲ್ಲ ಅಂತ ಒಬ್ಬರು ನನ್ನ ಜೊತೆ ವಾದ ಮಾಡಿದರು. ಅಕ್ಕ ಟೆಂಟ್ ಒಯ್ದಿರಲಿಲ್ಲ ಅಂದೆ.

ಊರ ತಂಡದ ಜೊತೆ ಹೋಗಿ, ಆದರೆ ಕೈ ಕಟ್ಟಿಕೊಂಡು ಹೋಗಬೇಡಿ. ಕಸ ಆಗುವುದು ಪಾದಯಾತ್ರಿಗಳ ಚೀಲದಿಂದ ಕಡಿಮೆ, ದಾಸೋಹದಿಂದ ಜಾಸ್ತಿ. ಪುಣ್ಯ ಬರಲಿ ಅಂತ ನೀರಿನ ಪಾಕೆಟ್ ಎಸೆಯುವವರು, ಕಾಗದದ ಲೋಟದಲ್ಲಿ ಮಜ್ಜಿಗೆ ಕೊಡುವವರು ಹೆಜ್ಜೆಹೆಜ್ಜೆಗೆ ಸಿಗುತ್ತಾರೆ. ಬಿಸಿಲಿನಲ್ಲಿ ನಿಂತು ಕೊಡುವವರ ಮೇಲೆ ಸಿಟ್ಟು ಮಾಡಲು ಆಗುವುದಿಲ್ಲ. ತಂಬಿಗೆ ಮುಂದೆ ಹಿಡಿದು 'ಇದಕ್ಕ ಹಾಕ್ರಿ' ಅನ್ನಿ, ಖುಷಿಯಿಂದ ಹಾಕುತ್ತಾರೆ. ನೀವು ಆ ಸಾಮಾನಿಗೆ ಇಟ್ಟ ದುಡ್ಡು ಇದೆಯಲ್ಲ, ಅದನ್ನು ನಿಮ್ಮೂರಿನ ಕಡೆಯ ಒಂದು ದಾಸೋಹಕ್ಕೆ ಕೊಡಿ. ಸ್ಟೀಲ್ ಲೋಟ, ಒಂದು ನೀರಿನ ಡ್ರಮ್, ತೊಳೆಯಲು ಇಬ್ಬರು ಆಳು. ಡಾಂಬರು ರಸ್ತೆಯ ಕಡೆ ಇದು ಸಲೀಸು.

ಕಾಡೊಳಗೆ ತೊಳೆಯಲು ನೀರು ಇರುವುದಿಲ್ಲ, ಅಲ್ಲಿ ಮುತ್ತಲ ಎಲೆಯ ಪತ್ರಾವಳಿಯೇ ಸರಿ. ಅದರಲ್ಲೂ ಹುಷಾರ್. ಈಗ ಪೇಟೆಯಲ್ಲಿ ಮಷಿನ್‌ನಲ್ಲಿ ಒತ್ತಿದ ಎಲೆ ತಟ್ಟೆ ಸಿಗುತ್ತದೆ, ನೋಡಲು ಚಂದ. ಅಂಚು ಸ್ವಲ್ಪ ಹರಿದು ನೋಡಿ. ಕೆಲವದರ ತಳದಲ್ಲಿ ಮಿಣಮಿಣ ಅನ್ನುವ ತೆಳು ಪ್ಲಾಸ್ಟಿಕ್ ಹಾಳೆ ಸುಲಿದು ಬರುತ್ತದೆ. ಕಡ್ಡಿ ಚುಚ್ಚಿ ಕೈಯಲ್ಲಿ ಹಚ್ಚಿದ್ದನ್ನೇ ತಗೊಳ್ಳಿ. ಉಂಡ ಪತ್ರಾವಳಿಯನ್ನೂ ಕಾಡಲ್ಲಿ ಬಿಸಾಡಬೇಡಿ, ಅನ್ನದ ವಾಸನೆಗೆ ಹಂದಿ, ಕರಡಿ ದಾರಿಗೆ ಬರುವ ರೂಢಿ ಮಾಡಿಕೊಳ್ಳುತ್ತವೆ. ಗೋಣಿಚೀಲದಲ್ಲಿ ತುಂಬಿ ಶ್ರೀಶೈಲದವರೆಗೆ ಹೊರಿ. ಭಾರ ಏನೂ ಆಗಲ್ಲ, ನನ್ನ ಅನುಭವದ ಮಾತು.

ಬೆಂಕಿಯ ವಿಷಯ ಯಾರೂ ಹೇಳಲ್ಲ. ಕಲ್ಲು ಕಂಡಲ್ಲೆಲ್ಲ ಕರ್ಪೂರ ಹಚ್ಚುವ ಅಭ್ಯಾಸ ನಮ್ಮವರಿಗೆ. ಆ ತರಗೆಲೆಗೆ ಒಂದು ಕಿಡಿ ಸಾಕು. ಬೀಡಿ ಸೇದುವ ಕಾಕಾಗಳಿಗೆ ವೆಂಕಟಾಪುರದಲ್ಲೇ ಹೇಳಿಬಿಡಿ. ಇನ್ನು ಬಹಿರ್ದೆಸೆ. ಹೇಳಲು ಸಂಕೋಚ, ಆದರೆ ಸಾವಿರಾರು ಜನ ಒಂದೇ ದಾರಿಯಲ್ಲಿ ನಡೆಯುವಾಗ ಇದೇ ದೊಡ್ಡ ಹೊಲಸು. ಪೆದ್ದಚೆರುವು ಕೆರೆಯ ದಂಡೆ ಬಿಟ್ಟು ದೂರ ಹೋಗಿ, ಗುಂಡಿ ತೋಡಿ, ಮುಚ್ಚಿ. ನಲ್ಲಮಲದಲ್ಲಿ ಚೆಂಚು ಅನ್ನುವ ಬುಡಕಟ್ಟಿನ ಜನ ಇದ್ದಾರೆ, ಅವರಿಗೂ ನಮ್ಮ ಮಲ್ಲಯ್ಯ ಚೆಂಚು ಮಲ್ಲಯ್ಯ, ಅವರ ಮನೆಯ ಅಳಿಯನೇ. ಬೀಗರ ಮನೆ ಅಂಗಳದಲ್ಲಿ ಹೇಗಿರುತ್ತೀರೋ ಹಾಗಿರಿ. ಶ್ರೀಶೈಲದ ಕೆಳಗೆ ಕೃಷ್ಣೆಯ ಪಾತಾಳಗಂಗೆಯಲ್ಲಿ ಮಿಂದು ಉಟ್ಟ ಬಟ್ಟೆ ಹೊಳೆಗೆ ಬಿಡುವುದು ಯಾವ ಶಾಸ್ತ್ರವೋ ನನಗೆ ತಿಳಿಯದು. ಹಿಂಡಿ ಚೀಲಕ್ಕೆ ಹಾಕಿಕೊಳ್ಳಿ.

ಬಿಸಿಲು ಮಾತ್ರ ಹಗುರ ಮಾಡಬೇಡಿ. ಯುಗಾದಿ ಹೊತ್ತಿಗೆ ರಾಯಚೂರಿನಲ್ಲಿ 40 ಡಿಗ್ರಿ ಹತ್ತಿರ ಬಂದಿರುತ್ತದೆ. ಬೆಳಗಿನ ಜಾವ ಮೂರಕ್ಕೆ ಎದ್ದು ಒಂಬತ್ತರೊಳಗೆ ನಡಿಗೆ ಮುಗಿಸಿ, ಬೇವಿನ ನೆರಳಲ್ಲಿ ಮಲಗಿ, ಹೊತ್ತು ಇಳಿದ ಮೇಲೆ ಮತ್ತೆ ಹೊರಡಿ. ಬರುವಾಗ ಟ್ರ್ಯಾಕ್ಟರ್ ಹತ್ತಬೇಡಿ. ಟ್ರೇಲರ್‌ನಲ್ಲಿ ಸಾಮಾನಿನ ಮೇಲೆ ಜನ ಕೂತು ರಾತ್ರಿ ಹೆದ್ದಾರಿಯಲ್ಲಿ ಬರುವುದು ಜೀವದ ಜೊತೆ ಆಟ. ಕಲ್ಯಾಣ ಕರ್ನಾಟಕ ಸಾರಿಗೆಯವರು ಯುಗಾದಿಗೆ ಶ್ರೀಶೈಲದಿಂದ ವಿಶೇಷ ಬಸ್ಸು ಬಿಡುತ್ತಾರೆ. ಹಬ್ಬದ ದಿನ ಸಂಜೆ ನಿಲ್ಲಲೂ ಜಾಗ ಇರಲ್ಲ, ಒಂದು ದಿನ ಉಳಿದು ಮಾರನೇ ದಿನ ನಸುಕಿನ ಬಸ್ಸು ಹಿಡಿಯಿರಿ.