ರೆಡ್‌ಮೈನ್ ಪ್ಲಗಿನ್ ಅಪ್‌ಡೇಟ್ ಮಾಡಲು ಹೊಸ ಫೋಲ್ಡರ್ ಹಾಕಿದರೆ ಸಾಕಾ?

ಸಾಲದು. ಪ್ಲಗಿನ್ ಎಂದರೆ, ಪ್ರಾಜೆಕ್ಟ್ ಕೆಲಸ ನೋಡಿಕೊಳ್ಳುವ ಸಾಫ್ಟ್‌ವೇರ್ ಆದ ರೆಡ್‌ಮೈನ್‌ಗೆ ಹೊಸ ಸೌಲಭ್ಯ ಸೇರಿಸುವ ಪುಟ್ಟ ಪ್ರೋಗ್ರಾಂ. ಅದರ ಹೊಸ ಫೋಲ್ಡರ್ ಹಾಕಿದ ಮೇಲೆ ಪ್ಲಗಿನ್‌ನ ಡೇಟಾಬೇಸ್ ಮೈಗ್ರೇಶನ್ ಓಡಿಸಬೇಕು, ಆಮೇಲೆ ರೆಡ್‌ಮೈನ್ ರೀಸ್ಟಾರ್ಟ್ ಮಾಡಬೇಕು.

ಯಾಕೆಂದರೆ ಪ್ಲಗಿನ್ ಎರಡು ಕಡೆ ಇರುತ್ತದೆ. ಅದರ ಕೋಡ್ ಪ್ಲಗಿನ್ಸ್ ಫೋಲ್ಡರಿನಲ್ಲಿ, ಅದು ಉಳಿಸುವ ಮಾಹಿತಿ ರೆಡ್‌ಮೈನ್‌ನ ಡೇಟಾಬೇಸಿನಲ್ಲಿ. ಹೊಸ ಕೋಡ್ ಒಂದು ಹೊಸ ಕಾಲಮ್ ಹುಡುಕುತ್ತದೆ ಅಂದುಕೊಳ್ಳಿ. ಟೇಬಲ್ಲಿನಲ್ಲಿ ಅದು ಇಲ್ಲದಿದ್ದರೆ ಪುಟ ತೆರೆದಾಗ 500 ಎರರ್ (ಸರ್ವರ್ ಒಳಗಿನ ದೋಷ) ಬರುತ್ತದೆ. ಆ ಕಾಲಮ್ ಸೇರಿಸುವ ಸಣ್ಣ ಸ್ಕ್ರಿಪ್ಟೇ ಮೈಗ್ರೇಶನ್. ಯಾವ ಮೈಗ್ರೇಶನ್ ಈಗಾಗಲೇ ಓಡಿದೆ ಎಂಬ ಲೆಕ್ಕ ಡೇಟಾಬೇಸಿನಲ್ಲೇ ಇರುತ್ತದೆ, ಹಾಗಾಗಿ ಮೈಗ್ರೇಶನ್ ಓಡಿಸುವ ಕಮಾಂಡನ್ನು ಇನ್ನೊಮ್ಮೆ ಕೊಟ್ಟರೂ ತೊಂದರೆಯಿಲ್ಲ. ರೀಸ್ಟಾರ್ಟ್ ಬೇಕಾಗುವುದು, ಶುರುವಾಗುವಾಗ ಓದಿಕೊಂಡ ಹಳೆಯ ಕೋಡೇ ಮೆಮೊರಿಯಲ್ಲಿ ಉಳಿದಿರುತ್ತದೆ ಎಂಬ ಕಾರಣಕ್ಕೆ.

ಇದಕ್ಕೆಲ್ಲ ಮೊದಲು ಡೇಟಾಬೇಸಿನ ಬ್ಯಾಕಪ್ ತೆಗೆದುಕೊಳ್ಳಿ. ಇದನ್ನು ಮಾತ್ರ ದಯವಿಟ್ಟು ಬಿಡಬೇಡಿ. ಹಳೆಯ ಫೋಲ್ಡರ್ ವಾಪಸ್ ಇಟ್ಟ ಮಾತ್ರಕ್ಕೆ ಡೇಟಾಬೇಸಿನಲ್ಲಿ ಆದ ಬದಲಾವಣೆ ಹಿಂದಕ್ಕೆ ಹೋಗುವುದಿಲ್ಲ, ಅಲ್ವಾ?

ಹಳೆಯ ಫೋಲ್ಡರಿನ ಹೆಸರು ಬದಲಿಸಿ ಅಲ್ಲೇ ಇಡಬೇಡಿ, ಪೂರ್ತಿ ಹೊರಗೆ ಸಾಗಿಸಿ. ಪ್ಲಗಿನ್ಸ್ ಒಳಗಿರುವ ಪ್ರತಿ ಫೋಲ್ಡರನ್ನೂ ರೆಡ್‌ಮೈನ್ ಪ್ಲಗಿನ್ ಎಂದೇ ಓದಲು ಹೋಗುತ್ತದೆ. ಹೊಸ ಫೋಲ್ಡರಿನ ಹೆಸರೂ ಪ್ಲಗಿನ್‌ನ ಹೆಸರಿಗೆ ಸರಿಹೊಂದಬೇಕು. ಕೋಡ್ ಹಂಚುವ ತಾಣವಾದ ಗಿಟ್‌ಹಬ್‌ನಿಂದ ಜಿಪ್ ಇಳಿಸಿದಾಗ ಕೊನೆಗೆ ‘-ಮಾಸ್ಟರ್’ ಅಥವಾ ‘-ಮೇನ್’ ಅಂತ ಸೇರಿರುತ್ತದೆ, ಅದನ್ನು ತೆಗೆದುಬಿಡಿ.

ರೆಡ್‌ಮೈನ್ 5ರಿಂದ 6ಕ್ಕೆ ಹೋಗುವುದಾದರೆ ಜಾಸ್ತಿ ಎಚ್ಚರ ಬೇಕು. ಅದಕ್ಕೆ ಆಧಾರವಾದ ರೈಲ್ಸ್ ಎಂಬ ಪ್ರೋಗ್ರಾಮಿಂಗ್ ಚೌಕಟ್ಟು 6.1ರಿಂದ 7.2ಕ್ಕೆ ಏರಿದೆ, ಹಾಗಾಗಿ ಹಳೆಯ ಪ್ಲಗಿನ್ ಓಡದೇ ಇರಬಹುದು. 6ಕ್ಕೆ ಹೊಂದುವ ಆವೃತ್ತಿ ಬಂದಿದೆಯಾ ಎಂದು ಒಂದೊಂದೇ ಪ್ಲಗಿನ್ ನೋಡಿಕೊಂಡು, ಟೆಸ್ಟ್ ಸರ್ವರಿನಲ್ಲಿ ಮೊದಲು ಓಡಿಸಿ.